ಜಾಡಿಯೊಳಗಿನ ಹೆಬ್ಬೆರಳು

ಜಾಡಿಯ ಮುಚ್ಚಳ ಕಂದು ಬಣ್ಣದ್ದೋ ಬಿಳಿಯದೋ ಎಂದು ನೀವು ಕೇಳಿದರೆ ನಾನು ಆಣೆ ಇಟ್ಟು ಹೇಳಲಾರೆ. ಒಳಗಿದ್ದ ಉಪ್ಪಿನಕಾಯಿಯೂ ನನ್ನ ನೆನಪಿನಲ್ಲಿ ಒಮ್ಮೆ ಮಾವು, ಒಮ್ಮೆ ನಿಂಬೆ. ಆದರೆ ಜಾಲಹಳ್ಳಿಯ ಕ್ವಾರ್ಟರ್ಸಿನಲ್ಲಿ, ದೊಡ್ಡಮ್ಮನ ಅಡುಗೆಮನೆಯಲ್ಲಿ, ಆರು ವರ್ಷದ ನಾನು ಅದನ್ನು ಒಡೆದೆ ಎಂಬುದರಲ್ಲಿ ಮಾತ್ರ ಮೊನ್ನೆಯವರೆಗೂ ಅನುಮಾನವಿರಲಿಲ್ಲ. ಅನುಮಾನಪಡಲು ದೊಡ್ಡಮ್ಮ ಬಿಟ್ಟವರೂ ಅಲ್ಲ. ಮದುವೆ, ನಾಮಕರಣ, ಕೊನೆಗೆ ಯಾರದೋ ವೈಕುಂಠ ಸಮಾರಾಧನೆಯಲ್ಲೂ ನನ್ನ ಪರಿಚಯ ಒಂದೇ: "ಇವ್ಳೇ ಕಣ್ರೀ, ನಮ್ಮತ್ತೆ ಜಾಡಿ ಒಡೆದೋಳು."

ನಾನು ಎಂ.ಎ. ಮುಗಿಸಿ, ಒಡೆದ ಪಿಂಗಾಣಿಯನ್ನೂ ಉತ್ಖನನದ ಮಡಕೆಗಳನ್ನೂ ಕೂಡಿಸುವ ಕಸುಬು ಕಲಿತೆ. ಇದೆಲ್ಲ ಆ ಜಾಡಿಯ ಪ್ರಾಯಶ್ಚಿತ್ತವೆಂದು ಸಂದರ್ಶನದಲ್ಲಿ ಕಣ್ಣು ತೇವ ಮಾಡಿಕೊಂಡು ಹೇಳಿ ಕೆಲಸವನ್ನೂ ಗಿಟ್ಟಿಸಿದೆ.

ನಮ್ಮ ಕಾರ್ಯಾಗಾರವಿರುವುದು ಪೀಣ್ಯದ ಶೆಡ್ಡೊಂದರಲ್ಲಿ. ಪಕ್ಕದ ಶೆಡ್ಡಿನ ಪ್ರೆಸ್ ಮೆಷಿನ್ ಒಂದೊಂದು ಏಟು ಹಾಕಿದಾಗಲೂ, ಶತಮಾನಗಳ ಕಾಲ ಮಣ್ಣಿನಡಿ ನೆಮ್ಮದಿಯಾಗಿ ಮಲಗಿದ್ದ ಮಡಕೆಗಳು ಮರಳಿನ ತಟ್ಟೆಯಲ್ಲಿ ಬೆಚ್ಚಿಬೀಳುತ್ತವೆ. ಅಲ್ಲಿಯ ವೆಲ್ಡರ್ ನಾಗರಾಜಣ್ಣನಿಗೆ ನಮ್ಮನ್ನು ಕಂಡರೆ ಕನಿಕರ.

"ಮೂರು ತಿಂಗ್ಳಿಂದ ಒಂದೇ ಮಡಕೆನಾ ಮೇಡಂ? ನನ್ಕೈಗೆ ಕೊಡಿ, ಮಧ್ಯಾಹ್ನಕ್ಕೆ ಮುಗಿಸ್ಬಿಡ್ತೀನಿ."

ಚೂರು ಕಳೆದುಹೋದ ಕಡೆ ನಾವು ತುಂಬಿದ ಭಾಗ ದೂರದಿಂದ ಕಣ್ಣಿಗೆ ಚುಚ್ಚಬಾರದು, ಆದರೆ ಹತ್ತಿರ ಬಂದವರಿಗೆ ಹೊಸದೆಂದು ಗೊತ್ತಾಗಲೇಬೇಕು ಎಂಬ ನಮ್ಮ ನಿಯಮವನ್ನು ವಿವರಿಸಿದೆ.

"ಅಂದ್ರೆ, ಬೇಕೂಂತ್ಲೇ ಸ್ವಲ್ಪ ಕೆಟ್ಟದಾಗಿ ಮಾಡ್ತೀರಾ? ಸಕ್ಕತ್ ಡಿಪಾರ್ಟ್‌ಮೆಂಟು ಬಿಡಿ!"

ಹೋದ ತಿಂಗಳು, ಅಂದು ಅಂಟಿಸಿಟ್ಟಿದ್ದ ಆ ಜಾಡಿಯ ಹೆಗಲಿನ ಚೂರು ಮತ್ತೆ ಕಳಚಿಕೊಂಡಿತು. "ಒಡೆದೋಳೇ ಅಂಟಿಸ್ಲಿ" ಎಂದು ದೊಡ್ಡಮ್ಮ ಕಳಿಸಿಕೊಟ್ಟರು. ಅಂಟು ಕರಗಿಸುವ ಅಸಿಟೋನಿನಲ್ಲಿ ಹತ್ತಿ ಅದ್ದಿ ಒರೆಸುತ್ತ ಕುಳಿತೆ. ನಾನು ಬಿಕ್ಕುತ್ತಿದ್ದ ಸಂಜೆ ದೊಡ್ಡಪ್ಪ ಹಚ್ಚಿದ್ದ ಬಿಳಿ ಅಂಟು ಬಿಟ್ಟುಕೊಂಡಿತು. ಅದರ ಕೆಳಗೆ ಇನ್ನೊಂದು ಅಂಟಿತ್ತು: ಹಳದಿಗಟ್ಟಿದ್ದು, ಕಲ್ಲಿನಂಥದ್ದು, ಇನ್ನೂ ಹಳೆಯದು.

ಎಂದರೆ ನಾನು ಮುಟ್ಟುವ ಮೊದಲೇ ಜಾಡಿ ಒಡೆದಿತ್ತು; ನನ್ನ ಕೈಯಲ್ಲಿ ಕಳಚಿದ್ದು ಆ ಹಳೆಯ ಚೂರಷ್ಟೇ ಇರಬೇಕು. ಯಾರೋ ಗುಟ್ಟಾಗಿ ಕೂಡಿಸಿ, ಒಡೆದ ಬದಿಯನ್ನು ಗೋಡೆಯ ಕಡೆ ತಿರುಗಿಸಿಟ್ಟಿರಬೇಕು.

ಹಾಗಾದರೆ ನನ್ನ ಕಿವಿಯಲ್ಲಿ ಇಂದಿಗೂ ಮೊಳಗುವ ಆ ಠಳ್ ಸದ್ದು ಯಾರದು, ಗೆಳೆಯರೇ? ಹೇಳಿ ಹೇಳಿ ತುಂಬಿದ್ದು ದೊಡ್ಡಮ್ಮನೋ, ಕೇಳಿ ಕೇಳಿ ಬಣ್ಣ ಬಳಿದದ್ದು ನಾನೋ, ಎಷ್ಟು ಹತ್ತಿರದಿಂದ ನೋಡಿದರೂ ಅಸಲು ಎಲ್ಲಿ ಮುಗಿಯಿತೆಂದು ತಿಳಿಯುವುದಿಲ್ಲ. ನಮ್ಮ ಕಾರ್ಯಾಗಾರದಲ್ಲಿ ಹೀಗೆ ಕೆಲಸ ಮಾಡಿದವರನ್ನು ಮನೆಗೆ ಕಳಿಸುತ್ತೇವೆ.

ಒಳಮೈಗೆ ಉಕ್ಕಿ ಗಟ್ಟಿಯಾಗಿದ್ದ ಹಳದಿ ಅಂಟಿನಲ್ಲಿ ಒಂದು ಹೆಬ್ಬೆರಳಿನ ಗುರುತು, ಗೆರೆ ಗೆರೆಯೂ ಸ್ಪಷ್ಟವಾಗಿ. ದೊಡ್ಡಪ್ಪನದಲ್ಲ, ಅವರ ಹೆಬ್ಬೆರಳ ತುದಿಯನ್ನು ಕಾರ್ಖಾನೆಯ ಲೇತ್ ಯಂತ್ರ ಎಂದೋ ತಿಂದಿತ್ತು. ಹಾಗೆಂದು ನನ್ನ ನೆನಪು; ಆ ನೆನಪಿನ ಯೋಗ್ಯತೆ ಈಗ ನಿಮಗೂ ಗೊತ್ತು. ನನ್ನ ಹೆಬ್ಬೆರಳನ್ನು ಅದರ ಮೇಲಿಟ್ಟು ನೋಡಿದೆ. ಹೆಚ್ಚುಕಡಿಮೆ ಅಷ್ಟೇ ಅಗಲ. ಅತ್ತೆಯ ಜಾಡಿ ಒಡೆದುಕೊಂಡು, ಅತ್ತೆ ಬರುವಷ್ಟರಲ್ಲಿ ಉಸಿರು ಬಿಗಿಹಿಡಿದು ಒತ್ತಿ ಕುಳಿತ ಒಬ್ಬ ಹೊಸ ಸೊಸೆ ಕಣ್ಣಿಗೆ ಕಟ್ಟಿದಳು. ಸಿಟ್ಟು ಮಾಡಿಕೊಳ್ಳಬೇಕೆಂದಿದ್ದವಳಿಗೆ ನಗು ಬಂತು. ಆ ಗುರುತನ್ನು ಮಾತ್ರ ಉಳಿಸಿ, ಮಿಕ್ಕ ಅಂಟು ತೆಗೆದು, ಚೂರನ್ನು ಕೂಡಿಸಿದೆ.

ಭಾನುವಾರ ಜಾಡಿ ಒಯ್ದುಕೊಟ್ಟೆ. ದೊಡ್ಡಮ್ಮ ಬೆಳಕಿಗೆ ಹಿಡಿದು, "ಗೆರೆ ಕಾಣ್ತಿದೆಯಲ್ಲೇ, ಇದೇನಾ ನೀನು ಕಲ್ತಿದ್ದು?" ಎಂದರು. ನಾನೊಂದು ಮಾತು ಕೇಳಿದೆ. ಅವರ ಕೈ ತಟ್ಟನೆ ಸೆರಗಿನೊಳಗೆ ಹೋಯಿತು. ಕೇಳಿದ್ದು ಇಷ್ಟೇ:

"ದೊಡ್ಡಮ್ಮ, ಒಂಚೂರು ನಿಮ್ಮ ಹೆಬ್ಬೆರಳು ತೋರಿಸ್ತೀರಾ?"