ಅದಲುಬದಲಾದ ಎರಡು ಹಾಳೆ

ಊರಿನ ಹಳೇ ಕಡತಗಳ ಕಚೇರಿಯಲ್ಲಿ ಅವಳನ್ನು ಎಲ್ಲರೂ ದಾರದಕ್ಕ ಎಂದೇ ಕರೆಯುತ್ತಿದ್ದರು. ಹರಿದ ಪುಸ್ತಕಗಳಿಗೆ ಹೊಲಿಗೆ ಹಾಕುವುದು ಅವಳ ಕೆಲಸ. ಮೂವತ್ತೊಂದು ವರ್ಷ ಹಿಂಬದಿಯ ಕೋಣೆಯ ಅದೇ ಕಿಟಕಿ, ಅದೇ ಮೇಜು, ಅದೇ ಅಂಟಿನ ವಾಸನೆ. ಕನ್ನಡಕ ನಾಲ್ಕು ಸಲ ಬದಲಾಗಿತ್ತು, ಸಾಹೇಬರು ಒಂಬತ್ತು ಜನ ಬಂದು ಹೋಗಿದ್ದರು, ಕುರ್ಚಿ ಮಾತ್ರ ಅವಳು ಸೇರಿದ ದಿನದ್ದೇ. ಅದರ ಒಂದು ಕಾಲಿಗೆ ರಟ್ಟಿನ ತುಂಡು ಕೊಟ್ಟು ಕೂರುತ್ತಿದ್ದಳು. ನಿವೃತ್ತಿಗೆ ಇನ್ನು ನಾಲ್ಕು ತಿಂಗಳು. ಅಲ್ಲಿಯವರೆಗೆ ಸೊಂಟ ಒಂದು ಕೈಕೊಡದಿದ್ದರೆ ಸಾಕು ಎನ್ನುವುದೇ ಅವಳಿಗೆ ಉಳಿದಿದ್ದ ದೊಡ್ಡ ಆಸೆ.

ಹೆಮ್ಮೆ ಎನ್ನುವುದು ಒಂದಿತ್ತು, ಸುಳ್ಳು ಹೇಳಬಾರದು. ದಾರದಕ್ಕನ ಹೊಲಿಗೆ ಬಿಚ್ಚಿಕೊಂಡದ್ದನ್ನು ಯಾರೂ ಕಂಡಿಲ್ಲ ಎಂದು ಜವಾನರೂ ಹೇಳುತ್ತಿದ್ದರು. ಮನೆಯಲ್ಲಿ ಗಂಡ ಮಾತ್ರ, "ಆ ಹೊಲಿಗೇನ ಒಂದಿನ ನನ್ನ ದಿಂಬಿಗೂ ಹಾಕೇ ಮಾರಾಯ್ತಿ, ಹತ್ತಿ ಬಂದು ಬಾಯಿಗೆ ಸೇರ್ತಿದೆ" ಎಂದು ಗೊಣಗುತ್ತಿದ್ದ. ನಾಳೆ ಹಾಕ್ತೀನಿ ಎನ್ನುತ್ತಿದ್ದಳು. ದಿನವಿಡೀ ದಬ್ಬಳ ಹಿಡಿದವಳಿಗೆ ಮನೆಗೆ ಬಂದ ಮೇಲೆ ಸೂಜಿ ಕಂಡರೆ ಮೈ ಉರಿಯುತ್ತಿತ್ತು.

ಈಚೆಗೆ ಊರಿಗೆ ವಂಶದ ಹುಚ್ಚು ಹಿಡಿದಿತ್ತು. ಹಳೇ ಮನೆಗಳ ಬಾಗಿಲಿಗೆ ಅಲ್ಲಿ ಬಾಳಿದ ಮನೆತನದ ಹೆಸರಿನ ಹಿತ್ತಾಳೆ ಫಲಕ ಹಾಕುವುದೆಂದು ಊರಿನ ಪರಂಪರೆ ಸಮಿತಿ ತೀರ್ಮಾನಿಸಿದ್ದೇ ತಡ, ಜನ ಕಚೇರಿಗೆ ಮುಗಿಬಿದ್ದರು. ಎಲ್ಲರಿಗೂ ಬೇಕಾದದ್ದು ನೂರು ವರ್ಷದ ಹಿಂದಿನ ಮನೆಪಟ್ಟಿ. ಅದನ್ನು ತೆರೆದರೆ ಎಡಪುಟದಲ್ಲಿ ಮನೆ ಎಲ್ಲಿದೆ, ಕೋಣೆ ಎಷ್ಟು ಎಂಬ ವಿವರ; ಎದುರಿನ ಬಲಪುಟದಲ್ಲಿ ಆ ಮನೆಯಲ್ಲಿದ್ದವರ ಹೆಸರು, ವಯಸ್ಸು. ಬಂದವರಲ್ಲಿ ಒಬ್ಬನ ಅಜ್ಜನೂ ಸಣ್ಣ ಮನೆಯಲ್ಲಿ ಹುಟ್ಟಲು ಒಪ್ಪುತ್ತಿರಲಿಲ್ಲ.

ಭೂಗೋಳದ ಮೇಷ್ಟ್ರು ಈ ಹುಚ್ಚಿಗೆ ಎಲ್ಲರಿಗಿಂತ ಹಳಬರು. ಶಾಲೆಯಿಂದ ನಿವೃತ್ತರಾದ ಮೇಲೆ ಹನ್ನೆರಡು ವರ್ಷದಿಂದ ತಮ್ಮ ವಂಶದ ಬೆನ್ನು ಹತ್ತಿದ್ದರು. ಕೊನೆಗೂ ಮನೆಪಟ್ಟಿಯಲ್ಲಿ ಅವರ ಅಜ್ಜ, ಅಜ್ಜಿ, ಕೂಸಾಗಿದ್ದ ಅಪ್ಪ ಸಿಕ್ಕಿದ್ದರು. ಎದುರಿನ ಪುಟದಲ್ಲಿದ್ದದ್ದು ಕೋಟೆಬಾಗಿಲ ಪಕ್ಕದ ಹದಿನೆಂಟು ಕೋಣೆಯ ದೊಡ್ಡ ಮನೆ. ಈಗ ಅಲ್ಲಿ ಬ್ಯಾಂಕು ಇದೆ. ಆ ಮನೆಯನ್ನೇ ನಂಬಿ ವಂಶದ ಪುಸ್ತಕವನ್ನೂ ಬರೆದು ಮುಗಿಸಿದ್ದರು. ಬ್ಯಾಂಕಿನ ಬಾಗಿಲಿಗೆ ಮೇಷ್ಟ್ರ ಮನೆತನದ ಫಲಕ ಹಾಕಲು ಇನ್ನೊಂದೇ ದಿನವಿತ್ತು. ಸಮಿತಿಗೆ ಕೊಡಲು ಆ ಎರಡು ಪುಟಗಳ ನಕಲು ಬೇಕೆಂದು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದರು. ನಕಲು ತೆಗೆಯಲು ಪುಸ್ತಕವನ್ನು ಪೂರ್ತಿ ಅಗಲಿಸಬೇಕು, ಬೆನ್ನು ಮುರಿಯಬಾರದು. ಸಾಹೇಬರು ದಾರದಕ್ಕನನ್ನು ಕರೆದು ಪುಸ್ತಕ ಕೊಟ್ಟು ಊಟಕ್ಕೆ ಹೋದರು.

ಅವಳು ಪುಸ್ತಕವನ್ನು ಕಿಟಕಿಯ ಬೆಳಕಿಗೆ ಇಟ್ಟು ಅಂಗೈಯಿಂದ ಮೆಲ್ಲಗೆ ಒತ್ತಿದಳು. ಒತ್ತಿದ ಕೈ ಅಲ್ಲೇ ನಿಂತಿತು.

ಅವಳು ಕೆಲಸಕ್ಕೆ ಸೇರಿದ ವರ್ಷ ಕಚೇರಿಯ ಸೂರು ಸೋರಿ ಈ ಪುಸ್ತಕ ನೆನೆದಿತ್ತು. ಹೊಲಿಗೆ ಕೊಳೆತು, ಪುಟಸಂಖ್ಯೆಯಿದ್ದ ಮೂಲೆಗಳು ಉದುರಿಹೋಗಿದ್ದವು. ಹಾಳೆಗಳನ್ನು ಹಗ್ಗದ ಮೇಲೆ ಒಣಹಾಕಿ ಮತ್ತೆ ಹೊಲಿದವಳು ಅವಳೇ. ಮುಚ್ಚಿದ ಪುಸ್ತಕಕ್ಕೆ ಇಳಿದ ನೀರು ಎದುರುಬದುರಿನ ಪುಟಗಳಲ್ಲಿ ಒಂದೇ ಅಳತೆಯ ಕಲೆ ಬಿಟ್ಟಿರಬೇಕು. ಇಲ್ಲಿ ಎಡಪುಟದ ಕಲೆ ಗೇಣುದ್ದ, ಬಲಪುಟದ್ದು ಬೆರಳುದ್ದ. ಏಳು ಹಾಳೆ ಮುಂದೆ ತಿರುವಿದಳು. ಅಲ್ಲಿ ಎಡಕ್ಕೆ ಬೆರಳುದ್ದ, ಬಲಕ್ಕೆ ಗೇಣುದ್ದ. ಎರಡು ಹಾಳೆಗಳನ್ನು ಅದಲುಬದಲು ಹೊಲಿದಿದ್ದಳು. ಎರಡು ಹಾಳೆಯ ಹಿಂದೆ ಮುಂದೆ ಸೇರಿ ನಾಲ್ಕು ಮನೆಗಳ ಜನ ಮೂವತ್ತೊಂದು ವರ್ಷದಿಂದ ಬೇರೆಯವರ ಮನೆಯಲ್ಲಿದ್ದರು.

ಅವಳಿಗೆ ಮೊದಲು ಬಂದದ್ದು ಭಯವಲ್ಲ, ದಣಿವು. ಇನ್ನು ನಾಲ್ಕೇ ತಿಂಗಳು. ಮುಚ್ಚಿಟ್ಟರೆ ಯಾವ ನರಪಿಳ್ಳೆಗೂ ತಿಳಿಯುವುದಿಲ್ಲ. ಹೇಳಿದರೆ ಇಷ್ಟು ವರ್ಷ ಹೊಲಿದ ಪುಸ್ತಕಗಳ ಮೇಲೆಲ್ಲ ಅನುಮಾನ ಬರುತ್ತದೆ, ಇದ್ದ ಒಂದು ಒಳ್ಳೇ ಹೆಸರೂ ಮಣ್ಣುಪಾಲಾಗುತ್ತದೆ. ಎದುರಿಗೆ ಮೇಷ್ಟ್ರು ಮಕ್ಕಳ ಹಾಗೆ ಮುಖ ಅರಳಿಸಿಕೊಂಡು ಕೂತಿದ್ದರು.

"ಮೇಷ್ಟ್ರೇ, ಇದು ನಿಮ್ಮ ಮನೆ ಅಲ್ಲ" ಎಂದುಬಿಟ್ಟಳು. "ತಪ್ಪು ನಂದು." ಕಲೆ ತೋರಿಸಿ ಎಲ್ಲ ಬಿಡಿಸಿ ಹೇಳಿದಳು.

ಮೇಷ್ಟ್ರ ಮುಖ ಕಪ್ಪಿಟ್ಟಿತು. "ಏನಮ್ಮಾ ನೀವು! ನಾಳೆ ಫಲಕ ಇಟ್ಕೊಂಡು ಇವತ್ತು ಈ ಮಾತು ಹೇಳ್ತೀರಲ್ಲ? ನೆಂಟರನ್ನೆಲ್ಲ ಕರೆದಿದೀನಿ. ಕಲೆ ಯಾರು ನೋಡ್ತಾರೆ? ಸುಮ್ನೆ ನಕಲು ತೆಗೀರಿ, ಕೈ ಮುಗೀತೀನಿ."

ಅವಳು ಒಪ್ಪಿಯೇ ಬಿಡುತ್ತಿದ್ದಳೇನೋ. ವಾದ ಮಾಡುವಷ್ಟು ತ್ರಾಣ ಅವಳಲ್ಲಿ ಉಳಿದಿರಲಿಲ್ಲ. ಆದರೂ ಏಳು ಹಾಳೆ ಆಚೆಯ ಎಡಪುಟವನ್ನು ಅವರ ಕಡೆ ತಿರುಗಿಸಿದಳು. "ನಿಮ್ಮವರು ಇದ್ದದ್ದು ಇಲ್ಲಿ. ಕೋಟೆಗೋಡೆಗೆ ಒತ್ತಿದ ಮನೆ. ಒಂದೇ ಕೋಣೆ."

"ಒಂದೇ? ನಮ್ಮವರು ಹನ್ನೊಂದು ಜನ ಇದಾರಲ್ರೀ ಪಟ್ಟೀಲಿ!"

"ಹೌದು."

ಮೇಷ್ಟ್ರು ಆ ಪುಟದ ಮೇಲೆ ಬಗ್ಗಿ ಕೋಣೆಯ ಲೆಕ್ಕದ ಮೇಲೆ ಬೆರಳಿಟ್ಟರು. ಆಮೇಲೆ ಸಣ್ಣ ದನಿಯಲ್ಲಿ ಹೇಳಿದರು. "ನಮ್ಮಜ್ಜಿ ಒಂದು ಮಾತು ಹೇಳ್ತಿದ್ಲು. ರಾತ್ರಿ ಒಬ್ಬರು ಮಗ್ಗುಲು ಬದಲಿಸ್ಬೇಕು ಅಂದ್ರೆ ಮಿಕ್ಕವರೆಲ್ಲ ಒಟ್ಟಿಗೆ ಬದಲಿಸ್ಬೇಕಿತ್ತಂತೆ. ಹದಿನೆಂಟು ಕೋಣೆ ಮನೇಲಿ ಅದ್ಯಾಕೆ ಬೇಕು? ಮುದುಕಿಗೆ ಅರಳುಮರಳು ಅಂದ್ಕೊಂಡೆ. ವಂಶದ ಪುಸ್ತಕ ಬರೆದ್ನಲ್ಲ, ಅದರಲ್ಲಿ ಆ ಮಾತು ಬಿಟ್ಟುಬಿಟ್ಟೆ." ಕನ್ನಡಕ ತೆಗೆದು ಒರೆಸಿಕೊಂಡರು. "ನನ್ನನ್ನ ಎತ್ತಿ ಆಡಿಸಿದವಳನ್ನ ನಾನೇ ಸುಳ್ಳುಗಾರ್ತಿ ಮಾಡಿದ್ನಲ್ಲಮ್ಮ."

ದಾರದಕ್ಕನಿಗೆ ಅನ್ನಿಸಿತು: ಅಜ್ಜಿಗೆ ಆದ ಅನ್ಯಾಯದಲ್ಲಿ ತನ್ನ ದಾರವೂ ಇತ್ತು.

"ಬಿಚ್ಚಿ" ಎಂದರು ಮೇಷ್ಟ್ರು. "ಫಲಕದ ವಿಷಯ ಸಮಿತಿಯವರಿಗೆ ನಾನೇ ಹೇಳ್ತೀನಿ."

ಸಾಹೇಬರು ಊಟ ಮುಗಿಸಿ ಬರುವವರೆಗೆ ಕಾದು, ಇದ್ದದ್ದನ್ನು ಇದ್ದ ಹಾಗೆ ಹೇಳಿ, ಬೈಸಿಕೊಂಡು, ಕತ್ತರಿ ಎತ್ತಿಕೊಂಡಳು. ಮೂವತ್ತೊಂದು ವರ್ಷದ ದಾರ ಇನ್ನೂ ಗಟ್ಟಿಯಾಗಿತ್ತು. ಕತ್ತರಿಗೂ ಸುಲಭಕ್ಕೆ ಜಗ್ಗಲಿಲ್ಲ. ಮೇಷ್ಟ್ರು ಹಾಳೆಗಳು ಜರುಗದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡರು. ಮತ್ತೆ ಹೊಲಿದು ಮುಗಿಸುವಾಗ ಸಂಜೆಯಾಗಿತ್ತು, ಸೊಂಟ ಬಿದ್ದೇಹೋಗಿತ್ತು.

ತಿದ್ದಿದ್ದು ಯಾರು, ಯಾಕೆ ಎಂದು ಚೀಟಿ ಬರೆದು ಪುಸ್ತಕದ ಮೊದಲಿಗೆ ಅಂಟಿಸಬೇಕೆಂದು ಸಾಹೇಬರ ಅಪ್ಪಣೆ. ಹೊಲಿದವರ ಹೆಸರು ಯಾವ ಪುಸ್ತಕದಲ್ಲೂ ಇರುವುದಿಲ್ಲ. ಊರಿನವರ ಅಜ್ಜ ಮುತ್ತಜ್ಜಂದಿರನ್ನೆಲ್ಲ ಹೊಲಿದಿಟ್ಟ ಆ ಕಚೇರಿಯಲ್ಲಿ ಅವಳ ಹೆಸರು ಹುಡುಕಿದರೂ ಸಿಗುತ್ತಿರಲಿಲ್ಲ. 'ಎರಡು ಹಾಳೆಗಳನ್ನು ತಪ್ಪಾಗಿ ಹೊಲಿದವಳೂ ನಾನೇ, ಸರಿಪಡಿಸಿದವಳೂ ನಾನೇ' ಎಂದು ಬರೆದಳು. ಕೆಳಗೆ ದಾರದಕ್ಕ ಎಂದು ಬರೆಯಲು ಹೋಗಿ ತಡೆದು, ಯಾರೂ ಕರೆಯದ ತನ್ನ ಪೂರ್ತಿ ಹೆಸರನ್ನು ನಿಧಾನವಾಗಿ ಬರೆದಳು.