ಹಿಂದುಳಿದವರ ಹಿಂದೆ ಗ್ರಾಶಿ

ಸೂರ್ಯ ಇನ್ನೂ ಬೆಟ್ಟದ ಆಚೆಗೇ ಇದ್ದಾನೆ. ಕಾಂಬೋ ಊರಿನ ವಸತಿಗೃಹದ ಅಂಗಳದಲ್ಲಿ ಗ್ರಾಶಿ ಎಲಿಸಾಲ್ಡ್ ಮಂಡಿಯೂರಿ ಸೈಕಲ್‌ಗಳಿಗೆ ಗಾಳಿ ಹೊಡೆಯುತ್ತಿದ್ದಾರೆ. ನಿನ್ನೆ ಕಟ್ಟಕಡೆಗೆ ಬಂದವರ ಸೈಕಲ್ಲಿಗೇ ಮೊದಲ ಸರದಿ. ಕೆಲಸ ಮುಗಿದಾಗ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿ, ತುಟಿಯಲ್ಲೇ ದೇವಮಾತೆಯನ್ನು ಏನೋ ಬೇಡಿಕೊಳ್ಳುತ್ತಾರೆ. ಏನೆಂದು ಕೇಳಿದರೆ ನಗುತ್ತಾರೆ.

"ಏನಿಲ್ಲ, ವ್ಯಾನು ಖಾಲಿಯಾಗೇ ಬರ್ಲಿ ತಾಯಿ ಅಂದೆ."

ಆ ವ್ಯಾನು ಕೈಚೆಲ್ಲಿದವರನ್ನು ಹತ್ತಿಸಿಕೊಳ್ಳುವುದಕ್ಕೆ ಇರುವುದು. ಓಡಿಸುವವನು ಅವರ ತಮ್ಮ ಪೆಯೊ. ಪ್ರತಿ ಜೂನ್‌ನಲ್ಲಿ ಮೆಡಿಟರೇನಿಯನ್ ತೀರದಿಂದ ಹೊರಡುವ ಸೈಕಲ್ ತಂಡ ಪಿರನೀಸ್ ಬೆಟ್ಟಸಾಲನ್ನು ಹತ್ತಿಳಿದು ಆಂದಾಯ್ ಊರಿನಲ್ಲಿ ಅಟ್ಲಾಂಟಿಕ್ ಮುಟ್ಟುತ್ತದೆ. ತಂಡದ ಕೊನೆಯವರ ಹಿಂದೆ ಸೈಕಲ್ ತುಳಿಯುವುದು ಗ್ರಾಶಿಯವರ ಕೆಲಸ. ಮೊಲೆಯೋನ್‌ನ ಬಟ್ಟೆಚಪ್ಪಲಿ ಕಾರ್ಖಾನೆ ಬಾಗಿಲು ಹಾಕಿದಾಗ ಅಲ್ಲಿ ಕೆಲಸಕ್ಕಿದ್ದ ಅವರ ಕೈ ಖಾಲಿಯಾಯಿತು; ಅಂದಿನಿಂದ ಚಳಿಗಾಲಕ್ಕೆ ಶಾಲೆಯ ಅಡುಗೆಮನೆ, ಬೇಸಿಗೆಗೆ ಈ ದಾರಿ. ಘಾಟಿಯ ನೆತ್ತಿಯಲ್ಲಿ ತೆಗೆಯುವ ಯಾವ ಫೋಟೋದಲ್ಲೂ ಅವರಿಲ್ಲ. ಅವರು ಬರುವಷ್ಟರಲ್ಲಿ ಫೋಟೋದವನು ಊಟಕ್ಕೆ ಕೂತಿರುತ್ತಾನೆ.

ಅವರದೊಂದು ಉಪಾಯವಿದೆ. ಮುಂದಿನವರ ಭುಜ ತೂಗಾಡತೊಡಗಿದರೆ, ತಮ್ಮ ಚೈನು ಕಳಚಿತೆಂದು ಕೂಗಿ ಇಳಿಯುತ್ತಾರೆ. ಸರಿಯಾಗಿಯೇ ಇರುವ ಚೈನನ್ನು ಮುಟ್ಟಿ ಮುಟ್ಟಿ ನೋಡುತ್ತಾರೆ. ಅಷ್ಟರಲ್ಲಿ ಮುಂದಿನವರ ಉಸಿರು ಹದಕ್ಕೆ ಬರುತ್ತದೆ.

"ಸುಸ್ತಾಯ್ತಾ ಅಂತ ಕೇಳಿದ್ರೆ ಮುಖ ಸಣ್ಣದಾಗುತ್ತೆ. ನಂಗೋಸ್ಕರ ನಿಲ್ಲಿ ಅಂದ್ರೆ ಖುಷಿಯಾಗಿ ನಿಲ್ತಾರೆ."

ಈ ಸಲದ ಕೊನೆಯವರು ಒನೊರೆ ಬಾರ್ತ್, ನಿವೃತ್ತ ಬೇಕರಿಯವರು. ಹಿಂದೆ ಎರಡು ಸಲ ಬಂದು ಎರಡು ಸಲವೂ ವ್ಯಾನು ಹತ್ತಿದವರು. ಈ ಸಲವೂ ಕಡಲು ಮುಟ್ಟದಿದ್ದರೆ ಸೈಕಲ್ ಮಾರಿಬಿಡುತ್ತೇನೆಂದು ಹೆಂಡತಿಗೆ ಮಾತು ಕೊಟ್ಟು ಬಂದಿದ್ದಾರೆ. ಇಂದು ಕೊನೆಯ ದಿನ, ಉಳಿದಿರುವುದು ಸಂತ ಇಗ್ನೇಸ್ ಘಾಟಿಯೊಂದೇ.

ಅದರ ನೆತ್ತಿಯಲ್ಲಿ ಕಟಕಟನೆ ಸದ್ದು. "ನಿಲ್ಲಿ ಯಜಮಾನ್ರೇ, ನನ್ನ ಚೈನು," ಎನ್ನುತ್ತಾರೆ ಗ್ರಾಶಿ.

ಒನೊರೆ ತಿರುಗಿಯೂ ನೋಡುವುದಿಲ್ಲ. "ಸಾಕಮ್ಮ ನಿಮ್ಮ ನಾಟ್ಕ. ಟುರ್ಮಲೇ ಘಾಟೀಲೇ ನಂಗೆ ಗೊತ್ತಾಯ್ತು. ಇವತ್ತು ಕಾಲು ಚೆನ್ನಾಗಿದೆ, ಬನ್ನಿ."

ಆದರೆ ಈ ಸಲ ನಾಟಕವಲ್ಲ. ಗೇರಿನ ಕೊಂಡಿ ಮುರಿದು ಹಿಂಚಕ್ರದ ಕಡ್ಡಿಗಳಿಗೆ ಸಿಕ್ಕಿಕೊಂಡಿದೆ. ವ್ಯಾನಿನಲ್ಲಿದ್ದ ಹೆಚ್ಚುವರಿ ಸೈಕಲ್ ನಿನ್ನೆಯೇ ಬೇರೊಬ್ಬರ ಪಾಲಾಗಿದೆ. ಗ್ರಾಶಿ ಮುರಿದದ್ದನ್ನು ಬಿಚ್ಚಿ, ಚೈನು ತೆಗೆದು ಜೇಬಿಗಿಳಿಸಿ, ಒಬ್ಬರೇ ಹೋಗುವಂತೆ ಒನೊರೆಯವರಿಗೆ ಹೇಳುತ್ತಾರೆ. ಪೆಯೊ ಕಿಟಕಿಯಿಂದ ತಲೆ ಹಾಕುತ್ತಾನೆ: "ಹತ್ತಕ್ಕಾ. ಇಷ್ಟು ವರ್ಷದಲ್ಲಿ ಒಂದ್ಸಲನಾದ್ರೂ ನನ್ನ ಸೀಟು ಹೆಂಗಿದೆ ಅಂತ ನೋಡು."

ಒನೊರೆ ಸೈಕಲ್ ತಿರುಗಿಸಿ ಬರುತ್ತಾರೆ. "ಕೊನೆಯವನು ನಾನು ತಾನೆ? ನನ್ನ ಹಿಂದೆ ಯಾರೂ ಉಳಿಯೋ ಹಾಗಿಲ್ಲ."

ಇಳಿಜಾರಿನಲ್ಲಿ ಇಬ್ಬರೂ ತಾವಾಗಿ ಉರುಳುತ್ತಾರೆ. ಅದು ಮುಗಿದದ್ದೇ ಒನೊರೆ ಒಂದು ಕೈ ಗ್ರಾಶಿಯ ಬೆನ್ನಿಗಿಟ್ಟು ತಳ್ಳತೊಡಗುತ್ತಾರೆ. ಕಡಲಂಚಿನ ರಸ್ತೆಯ ಏರುಗಳಲ್ಲಿ ಅವರ ಮುಖ ಕೆಂಪಗಾಗುತ್ತದೆ, ಉಸಿರು ಸಿಳ್ಳೆ ಹಾಕುತ್ತದೆ. ಹೀಗೇ ತಳ್ಳಿದರೆ ನೀವೂ ಮುಟ್ಟುವುದಿಲ್ಲ ಎಂದು ಗ್ರಾಶಿ ಗದರಿಸುತ್ತಾರೆ. ನಲವತ್ತು ವರ್ಷ ಹಿಟ್ಟು ನಾದಿದ ಕೈ ಇದು, ಸುಮ್ಮನೆ ಕೂತಿರಿ ಎಂಬ ಉತ್ತರ ಬರುತ್ತದೆ. ಕಡಿದಾದ ಕಡೆ ಇಳಿದು ನಡೆಯುತ್ತಾರೆ. ಪೆಯೊ ಹಿಂದಿನಿಂದ ಹಾರನ್ ಹೊಡೆದು ಹುರಿದುಂಬಿಸುತ್ತಾನೆ.

ಆಂದಾಯ್‌ನ ಮರಳಿನಲ್ಲಿ ತಂಡವೆಲ್ಲ ಕಾಯುತ್ತಾ ನಿಂತಿದೆ. ಕೊನೆಯವರು ಬರುವ ತನಕ ಯಾರೂ ಚಕ್ರ ಒದ್ದೆ ಮಾಡುವಂತಿಲ್ಲ, ಅದು ಈ ತಂಡದ ಪದ್ಧತಿ. ಇಬ್ಬರೂ ಸೈಕಲ್ ಹೊತ್ತು ಬರುತ್ತಾರೆ. ಮೂವತ್ತು ಚಕ್ರಗಳು ಒಟ್ಟಿಗೆ ನೀರಿಗಿಳಿಯುತ್ತವೆ. ಒನೊರೆ ಬಟ್ಟೆಸಮೇತ ಅಲೆಯಲ್ಲಿ ಕೂತು ಮಗುವಿನಂತೆ ಅಳುತ್ತಾರೆ, ನಗುತ್ತಾರೆ. ಗ್ರಾಶಿ ಕಡಲಿಗೆ ಕೈ ಮುಗಿದು ಒಂದು ಗಳಿಗೆ ಕಣ್ಣು ಮುಚ್ಚುತ್ತಾರೆ.

ಇನ್ನೇನು ಆಸೆ ಎಂದು ಕೇಳಿದರೆ ಒದ್ದೆ ಕಾಲುಚೀಲ ಹಿಂಡುತ್ತಾ ಹೇಳುತ್ತಾರೆ: "ಮುಂದಿನ ವರ್ಷಕ್ಕೆ ನಿಧಾನದವರು ಯಾರಾದ್ರೂ ಬೇಕಲ್ಲ. ಇವ್ರು ಇನ್ಮೇಲೆ ನನ್ನ ಕೈಗೆ ಸಿಗಲ್ಲ."