ಊರು ಈಚಲೆಂದ ಗಿಡ

ಈಗಿನ ಖರ್ಜೂರದಲ್ಲಿ ಬೀಜವೇ ಇರುವುದಿಲ್ಲ. ಹೋದ ವಾರ ಸೊಸೆ ಒಂದು ಪ್ಲಾಸ್ಟಿಕ್ ಡಬ್ಬಿ ತಂದು ಎದುರಿಗಿಟ್ಟು, "ತಿನ್ನಿ ಅತ್ತೆ, ರಕ್ತಕ್ಕೆ ಒಳ್ಳೇದು" ಅಂದಳು. ಒಂದನ್ನು ಬಾಯಿಗೆ ಹಾಕಿಕೊಂಡೆ. ಉಳಿದಿರುವ ಹಲ್ಲಿಗೆ ಎಲ್ಲಿ ಏಟು ಬೀಳುತ್ತದೋ ಎಂದು ನಾಲಿಗೆಯಲ್ಲೇ ಬೀಜವನ್ನು ಹುಡುಕಿದೆ. ಇರಲಿಲ್ಲ. ಅದು ಇರಬೇಕಾದ ಜಾಗದಲ್ಲಿ ಬರೀ ಟೊಳ್ಳು. ಅದು ನಾಲಿಗೆಗೆ ತಾಗಿದ್ದೇ ತಡ, ಮದ್ದೂರಿನ ಆ ಹಿತ್ತಲು, ಬಾವಿಕಟ್ಟೆ, ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನಿಂತ ಬೂಬಮ್ಮ… "ಚೆನ್ನಾಗಿಲ್ವಾ?" ಅಂತ ಸೊಸೆ ಕೇಳಿದಳು. ಚೆನ್ನಾಗಿದೆ ಅಂದೆ.

ಎಪ್ಪತ್ತರ ದಶಕದ ಮೊದಲಿನ ವರ್ಷಗಳು ಅವು. ನನಗೆ ಮದ್ದೂರಿನ ಪ್ರೈಮರಿ ಸ್ಕೂಲಿಗೆ ವರ್ಗವಾಗಿತ್ತು. ನಾನು, ನಮ್ಮ ಯಜಮಾನರು, ಹೊಳಲಿನಿಂದ ನಮ್ಮ ಜೊತೆ ಬಂದ ಅತ್ತೆ, ಮೂವರೂ ಒಂದು ಹೆಂಚಿನ ಮನೆ ಬಾಡಿಗೆಗೆ ಹಿಡಿದೆವು. ಪಕ್ಕದ ಮನೆ ತಗಡಿನ ಟ್ರಂಕು ಮಾಡುವ ಸಾಬರದು. ಎರಡು ಮನೆಗೂ ಸೇರಿ ಹಿಂದೆ ಒಂದೇ ಹಿತ್ತಲು, ಒಂದೇ ಬಾವಿ. ಹಿತ್ತಲಿಗೆ ಬೇಲಿ ಅಂತ ಇರಲಿಲ್ಲ, ಅದರಂಚಿನಲ್ಲೇ ನಾಲೆಯ ಕಡೆಗೆ ಜನ ಓಡಾಡುವ ಕಾಲುದಾರಿ. ಬೆಳಗಾದರೆ ಸಾಬರು ತಗಡು ಬಡಿಯುವ ಸದ್ದಿಗೇ ನಮಗೆ ಎಚ್ಚರವಾಗುತ್ತಿತ್ತು. "ಈ ಊರ್ಗೆ ಬಂದು ನನ್ ಕಿವಿ ಓಯ್ತು ಕಣಮ್ಮಿ" ಎಂದು ಅತ್ತೆ ದಿನಾ ಗೊಣಗುತ್ತಿದ್ದರು. ಸಾಬರ ಹೆಂಡತಿಯನ್ನು ಬೀದಿಯವರೆಲ್ಲ ಬೂಬಮ್ಮ ಅನ್ನುತ್ತಿದ್ದರು, ನಾವೂ ಹಾಗೇ ಕರೆದೆವು.

ಅವರಿಗೆ ಇಬ್ಬರು ಮಕ್ಕಳು. ದೊಡ್ಡವಳು ಮಗಳು, ಆಗಲೇ ಲಂಗದಾವಣಿ ಉಡುತ್ತಿದ್ದಳು. ಎಷ್ಟೋ ವರ್ಷದ ಮೇಲೆ ಹುಟ್ಟಿದ ಮಗ ಎರಡನೇ ಕ್ಲಾಸಿನಲ್ಲಿ ನನ್ನ ಮುಂದೆಯೇ ಕೂರುತ್ತಿದ್ದ. ಅಪ್ಪ ಕತ್ತರಿಸಿ ಬಿಸಾಕಿದ ತಗಡಿನ ಚೂರುಗಳನ್ನು ಮಡಿಸಿ ಪೀಪಿ ಮಾಡಿಕೊಂಡು ಬರುವನು. ನಾನು ಬೋರ್ಡಿನ ಕಡೆ ತಿರುಗಿದರೆ ಸಾಕು, ಹಿಂದಿನಿಂದ ಪೀಂ ಅನ್ನುವುದು. ತಿರುಗಿ ನೋಡಿದರೆ ದೇವರಂಥ ಮುಖ. ಆ ಪೀಪಿಗಳನ್ನು ಕಿತ್ತುಕೊಂಡು ಕಿತ್ತುಕೊಂಡು ನನ್ನ ಮೇಜಿನ ಡ್ರಾಯರು ತುಂಬಿಹೋಗಿತ್ತು.

ಒಂದು ಸಲ ಅಂಥದೇ ಒಂದು ಚೂರು ಅವನ ಹಿಮ್ಮಡಿಗೆ ಹೊಕ್ಕಿತು. ಟ್ರಂಕಿನ ಮನೆಯಲ್ಲಿ ಕಾಲು ಕುಯ್ದುಕೊಳ್ಳುವುದು ದೊಡ್ಡ ಸುದ್ದಿಯಲ್ಲ. ಅರಿಶಿನ ಒತ್ತಿ, ಸೀಮೆಎಣ್ಣೆ ಬಿಟ್ಟು, ಬಟ್ಟೆ ಕಟ್ಟಿದರು. ಗಾಯ ಒಣಗಿತು, ಅವನು ಕುಣಿದಾಡಿಕೊಂಡು ಸ್ಕೂಲಿಗೂ ಬಂದ. ಆಮೇಲೆ ಒಂದು ದಿನ ಬರಲಿಲ್ಲ. ಕತ್ತು ಹಿಡಿದುಕೊಂಡಿದೆ, ಬಾಯಿ ಬಿಡಲಾಗುತ್ತಿಲ್ಲ ಅಂದರು. ಧನುರ್ವಾಯು.

ಆ ವರ್ಷ ಮಸೀದಿ ಬೀದಿಯ ಹಿರಿಯರೊಬ್ಬರು ಹಡಗಿನಲ್ಲಿ ಹಜ್‌ಗೆ ಹೋಗಿ ಬಂದಿದ್ದರು. ತಮ್ಮವರ ಮನೆಗಳಿಗೆಲ್ಲ ಒಂದೊಂದು ಖರ್ಜೂರ ಹಂಚಿದ್ದರು. ತಿನ್ನುವುದಕ್ಕಿಂತ ಕಣ್ಣಿಗೊತ್ತಿಕೊಳ್ಳುವುದಕ್ಕೆ ಅದು. ಬೂಬಮ್ಮ ತಮ್ಮ ಮನೆಯ ಪಾಲನ್ನು ಮಗನಿಗೆಂದು ಎತ್ತಿಟ್ಟಿದ್ದರು. ಅವನಿಗೆ ಕೊಡುವ ಹೊತ್ತಿಗೆ ದವಡೆ ಬಿಗಿದಿತ್ತು. ಹಣ್ಣನ್ನು ಎಳೆ ಎಳೆಯಾಗಿ ಬಿಡಿಸಿ ಹಲ್ಲಿನ ಸಂದಿಯಲ್ಲಿ ತೂರಿಸಿದರು, ಅವನು ಸಿಹಿಯಷ್ಟನ್ನು ಚೀಪಿದ. ಬೀಜ ತಾಯಿಯ ಅಂಗೈಯಲ್ಲಿ ಉಳಿಯಿತು. ಅಷ್ಟರಲ್ಲಿ ಬಸ್ಸು ಬಂತೆಂದು ಸಾಬರು ಮಗನನ್ನು ಹೆಗಲಿಗೆ ಹಾಕಿಕೊಂಡು ಹೊರಟುಬಿಟ್ಟರು. ಬೀಜ ಎಲ್ಲಿಡುವುದೆಂದು ತೋಚದೆ ಬೂಬಮ್ಮ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹಿಂದೆಯೇ ಓಡಿದರು. ಮಂಡ್ಯದ ಆಸ್ಪತ್ರೆಯಿಂದ ಮಗನನ್ನು ಬಟ್ಟೆಯಲ್ಲಿ ಸುತ್ತಿಕೊಂಡು ತಂದಾಗಲೂ ಆ ಗಂಟು ಹಾಗೇ ಇತ್ತು.

ಎಷ್ಟೋ ದಿನ ಅವರು ಅದನ್ನು ಬಿಚ್ಚಲಿಲ್ಲ. ಸೀರೆ ಒಗೆಯುವಾಗಲೂ ಗಂಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಒಗೆಯುತ್ತಿದ್ದರು. ಆ ಕಡೆ ಸಾಬರು ಮತ್ತೆ ತಗಡು ಬಡಿಯಲು ಕೂತರು. ಹೊಟ್ಟೆ ಕೇಳಬೇಕಲ್ಲ. ಆದರೆ ಮೊದಲಿನ ಹಾಗೆ ಒಂದೇ ಲಯದಲ್ಲಿ ಬಡಿತ ಬೀಳುತ್ತಿರಲಿಲ್ಲ, ನಡುನಡುವೆ ನಿಂತುಬಿಡುತ್ತಿತ್ತು. ನಿಂತಾಗಲೆಲ್ಲ ನಮ್ಮ ಅತ್ತೆ ಒಲೆ ಮುಂದೆ ಕೂತಲ್ಲೇ ತಲೆ ಎತ್ತಿ ಕೇಳಿಸಿಕೊಳ್ಳುತ್ತಿದ್ದರು. ಕಿವಿ ಹೋಯಿತೆಂಬ ಗೊಣಗಾಟವನ್ನು ಆಮೇಲೆ ಅವರು ಆಡಲೇ ಇಲ್ಲ.

ಒಂದು ದಿನ ಬಾವಿಕಟ್ಟೆಯಲ್ಲಿ ಬೂಬಮ್ಮ ಗಂಟು ಬಿಚ್ಚಿ ಬೀಜವನ್ನು ನನ್ನ ಮುಂದೆ ಹಿಡಿದರು.

"ಟೀಚರಮ್ಮ, ಇದು ಉಟ್ತದಾ?"

ಹುಟ್ಟುತ್ತದೆ ಅಂದೆ. ನನಗೇನು ಗೊತ್ತಿತ್ತು ಮಣ್ಣು… ಆ ಮುಖ ನೋಡಿಕೊಂಡು ಇಲ್ಲ ಅನ್ನಲಾಗಲಿಲ್ಲ. ಅವರ ಮನೆ ತುಂಬ ತಗಡಿನ ಡಬ್ಬಗಳಿದ್ದವು, ಒಂದನ್ನೂ ಮುಟ್ಟಲಿಲ್ಲ. ನಮ್ಮ ಅತ್ತೆಯ ಹತ್ತಿರ ಬಾಯೊಡೆದ ಒಂದು ಮಡಕೆ ಕೇಳಿ ಇಸಿದುಕೊಂಡು, ನಾಲೆಯ ಮರಳು, ಗೊಬ್ಬರ ತುಂಬಿ, ನಡುಮಧ್ಯಕ್ಕೆ ಬೀಜ ಒತ್ತಿದರು. ತಿಂಗಳುಗಟ್ಟಲೆ ಏನೂ ಕಾಣಲಿಲ್ಲ. ಕೊನೆಗೊಂದು ದಿನ ಮಡಕೆಯ ಅಂಚಿನ ಹತ್ತಿರ ಹಸಿರು ಕಡ್ಡಿಯಂಥದು ಎದ್ದಿತ್ತು. ಯಾವುದೋ ಹುಲ್ಲೆಂದು ಅತ್ತೆ ಕೀಳಲು ಕೈ ಹಾಕಿದ್ದರು, ಬೂಬಮ್ಮ ಓಡಿ ಬಂದು ಕೈ ಹಿಡಿದುಕೊಂಡರು. ಖರ್ಜೂರದ ಬೀಜ ಇದ್ದಲ್ಲೇ ಮೇಲೇಳುವುದಿಲ್ಲವಂತೆ, ಮಣ್ಣೊಳಗೇ ಒಂದು ಬೆರಳಿನಷ್ಟು ಪಕ್ಕಕ್ಕೆ ಸರಿದು ಎಲೆ ಬಿಡುತ್ತದಂತೆ. ಅದನ್ನು ಆಮೇಲೆ ಆ ಹಜ್ ಹಿರಿಯರು ಹೇಳಿದರು.

ಹಿರಿಯರು ಇನ್ನೊಂದು ಮಾತನ್ನೂ ಹೇಳಿದರು. ಖರ್ಜೂರದಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಹಣ್ಣು ಬಿಡುವುದು ಹೆಣ್ಣು ಮಾತ್ರ. ಬೀಜದಿಂದ ಬಂದದ್ದು ಯಾವುದೆಂದು ಹೂಬಿಡುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ಹೊಂಬಾಳೆ ಒಡೆದಾಗ ಮಣಿಮಣಿಯಾಗಿದ್ದರೆ ಹೆಣ್ಣು, ಹಿಟ್ಟು ಉದುರಿದರೆ ಗಂಡು. ಅಂದಿನಿಂದ ಬೂಬಮ್ಮನಿಗೆ ಒಂದೇ ಆಸೆ, ಅದು ಹೆಣ್ಣಾಗಬೇಕು. ಮಗ ಚೀಪಿಬಿಟ್ಟ ಬೀಜದ ಹಣ್ಣನ್ನು ಒಂದಾದರೂ ತಾನು ಬಾಯಿಗೆ ಹಾಕಿಕೊಳ್ಳಬೇಕು. "ಒಂದೇ ಒಂದು ಸಾಕು ಕಣಮ್ಮ" ಎಂದು ನೀರು ಸೇದುತ್ತ ನನಗೆ ಎಷ್ಟು ಸಲ ಹೇಳಿದರೋ.

ಗಿಡವನ್ನು ಬಾವಿ ನೀರು ಹರಿದು ಹೋಗುವ ಕಡೆ ನೆಲಕ್ಕಿಳಿಸಿದರು. ಗರಿ ಬಿಚ್ಚಿಕೊಂಡು ಮುಳ್ಳು ಬಲಿತ ಮೇಲೆ ನೋಡುವುದಕ್ಕೆ ಅದು ಅಪ್ಪಟ ಈಚಲಿನ ಹಾಗೇ! ನಮ್ಮ ಕಡೆ ಖರ್ಜೂರದ ಗಿಡ ಕಂಡವರು ಯಾರು? ಈಚಲು ಗೊತ್ತು, ಈಚಲ ಹೆಂಡ ಗೊತ್ತು. ಕಾಲುದಾರಿಯಲ್ಲಿ ಹೋಗುವವರಿಗೆ ಮಾತಾಡಲು ಒಂದು ವಿಷಯ ಸಿಕ್ಕಿತು. "ಏನ್ಲಾ, ಸಾಬ್ರು ಇತ್ಲಲ್ಲೇ ಎಂಡದಂಗ್ಡಿ ಮಡಗವ್ರೆ" ಎಂದು ಒಬ್ಬ ಅಂದರೆ, "ಅಂಗಾರೆ ನಂಗೊಂದು ಮೊಗೆ ಇರ್ಲಿ ಅನ್ಲಾ" ಎಂದು ಇನ್ನೊಬ್ಬ. ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಹೆಂಡ ಅನ್ನುವ ಜನ. ಸಾಬರು ಬೀಡಿ ಕೂಡ ಸೇದಿದವರಲ್ಲ. ಆದರೂ ಅವರ ಹೆಸರೇ ಈಚಲ ಸಾಬರು ಅಂತ ಆಯಿತು. ಅವರು ಯಾರಿಗೂ ಏನೂ ಹೇಳಲಿಲ್ಲ. ಹೇಳಬೇಕಾದರೆ ಮಗನ ಸಾವಿನಿಂದ ಶುರು ಮಾಡಬೇಕಿತ್ತಲ್ಲ. ನಮ್ಮ ಅತ್ತೆ ಮಾತ್ರ ಬಾಯಿ ಕಟ್ಟಿಕೊಂಡು ಕೂರುವವರಲ್ಲ. "ನಿಮ್ ನಿಮ್ ಮನೆ ದ್ವಾಸೆ ತೂತ ನೋಡ್ಕಳ್ರೋ" ಎಂದು ಹಿತ್ತಲಲ್ಲಿ ನಿಂತು ಕಾಲುದಾರಿಗೆ ಕೇಳುವ ಹಾಗೆ ಬೈಯುತ್ತಿದ್ದರು.

ಆ ಗಿಡದ ಬಗ್ಗೆ ಅತ್ತೆಗೂ ಒಂದು ಹಟ ಹುಟ್ಟಿತ್ತು. ಗಂಡು ಪರಂಗಿ ಗಿಡದ ಬುಡಕ್ಕೆ ಮೊಳೆ ಹೊಡೆದರೆ ಅದು ಹೆಣ್ಣಾಗಿ ಕಾಯಿ ಬಿಡುತ್ತದೆ ಎಂದು ನಮ್ಮ ಕಡೆ ಒಂದು ನಂಬಿಕೆ. ಒಂದು ದಿನ ಮೊಳೆ, ಕಲ್ಲು ಎರಡನ್ನೂ ತೆಗೆದುಕೊಂಡು ಗಿಡದ ಹತ್ತಿರ ಹೋದರು. "ತಾಳು ಬೂಬಮ್ಮ, ಒಂದ್ ಮೊಳೆ ಒಡ್ದು ಬುಡವ. ಎಣ್ಣಾಗ್ಲಿ, ಗಂಡಾಗ್ಲಿ, ಕಾಯಿ ಬುಡ್ತದೆ."

ಬೂಬಮ್ಮ ಗಿಡಕ್ಕೆ ಅಡ್ಡ ನಿಂತರು. "ಬ್ಯಾಡಿ ಅವ್ವ. ಕಬ್ಣ ತಾಗಿಸ್ಬ್ಯಾಡಿ. ಒಂದ್ ಸಲ ತಾಗಿದ್ದು ಸಾಕು."

ಅತ್ತೆ ಮೊಳೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಬಂದವರು ಆ ದಿನ ಸರಿಯಾಗಿ ಊಟ ಮಾಡಲಿಲ್ಲ.

ವರ್ಷಗಳು ಕಳೆದವು. ಮಗಳನ್ನು ಮಳವಳ್ಳಿಯ ಪೇಟೆಬೀದಿಯಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದವರ ಮನೆಗೆ ಕೊಟ್ಟರು. ಗಿಡಕ್ಕೆ ಆಳೆತ್ತರದ ಬೊಡ್ಡೆ ಬಂತು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಒಂದು ವರ್ಷ ಶಿವರಾತ್ರಿಯ ಚಳಿ ಬಿಡುವ ಹೊತ್ತಿಗೆ ಗರಿಗಳ ಸಂದಿಯಲ್ಲಿ ಒಂದು ಹೊಂಬಾಳೆ ಇಣುಕಿತು, ಇನ್ನೂ ಬಿಗಿಯಾಗಿ ಮುಚ್ಚಿಕೊಂಡಿದ್ದ ಎಳೆಯ ಹೊಂಬಾಳೆ. ಬೂಬಮ್ಮ ದಿನಾ ಬೆಳಗ್ಗೆ ಮೊದಲು ಅದರ ಮುಖ ನೋಡಿ ಆಮೇಲೆ ತಮ್ಮ ಮುಖ ತೊಳೆಯುತ್ತಿದ್ದರು. ಅದೇ ಹೊತ್ತಿಗೆ ಮಳವಳ್ಳಿಯಿಂದ ಮಗಳಿಗೆ ಹೆರಿಗೆ ನೋವು ಬಂದಿದೆ ಅಂತ ಸುದ್ದಿ ಬಂತು. ಹೋಗಲೇಬೇಕು. ಗಂಡ ಹೆಂಡತಿ ಮನೆಗೆ ಬೀಗ ಹಾಕಿ ಹೊರಟರು. "ಒಡೆಯಾದ್ರೊಳ್ಗೆ ಬಂದ್ಬುಡ್ತೀನಿ ಟೀಚರಮ್ಮ, ನೀರು ಉಯ್ತಿರಿ" ಎಂದು ಬೂಬಮ್ಮ ಹಿಂದೆ ತಿರುಗಿ ತಿರುಗಿ ನೋಡುತ್ತ ಹೋದರು.

ನೀರು ಹೊಯ್ದೆ, ದಿನಾ ಹೊಯ್ದೆ. ಹೀಗಿರುವಾಗ ಒಂದು ಬೆಳಗ್ಗೆ ಬಾವಿಗೆ ಹೋದರೆ ಗಿಡಕ್ಕೆ ಒಂದು ಮಡಕೆ ಕಟ್ಟಿತ್ತು.

ಹೆಂಡ ಇಳಿಸುವವನೊಬ್ಬ ಸೊಂಟದಲ್ಲಿ ಕತ್ತಿ ಸಿಕ್ಕಿಸಿಕೊಂಡು ಪಕ್ಕದಲ್ಲೇ ನಿಂತಿದ್ದ. ಒಂದು ಕಡೆಯ ಗರಿಗಳನ್ನೆಲ್ಲ ಸವರಿ ಹಾಕಿ, ಸುಳಿಯ ಕೆಳಗಿನ ಎಳೆಯ ಭಾಗವನ್ನು ಹೆರೆದು, ಸೋರುವ ನೀರಿಗೆ ಮಡಕೆ ಕೊಟ್ಟಿದ್ದ. ಹೊಂಬಾಳೆ ಕಡಿದ ಗರಿಗಳ ರಾಶಿಯಲ್ಲಿ ಬಿದ್ದಿತ್ತು. ನಾನು ಕಿರುಚಿದ್ದು ಕೇಳಿ ಅತ್ತೆ ಪೊರಕೆ ಹಿಡಿದುಕೊಂಡೇ ಓಡಿ ಬಂದರು. ಅವನು ಆ ವರ್ಷವಷ್ಟೇ ಬೇರೆ ಊರಿನಿಂದ ಮರಗಳಿಗೆ ಮಡಕೆ ಕಟ್ಟಲು ಬಂದವನು. ನಮ್ಮನ್ನು ನೋಡಿ ಅವನಿಗೇ ಗಾಬರಿಯಾಯಿತು.

"ಈಚ್ಲು ಅಲ್ವಾ ಅವ್ವ? ಈಚ್ಲು ಸಾಬ್ರು ಇತ್ಲು ಅಂತ ಅಂಗ್ಡೀಲಿ ಎಲ್ರೂ ಏಳ್ತಾರೆ. ಒಳ್ಳೆ ಮರ, ಯಾರೂ ಕಟ್ಟಿಲ್ಲ, ಓಗ್ಲಾ ಅಂದ್ರು…"

ಅತ್ತೆ ಎತ್ತಿದ ಪೊರಕೆ ಹಾಗೇ ಕೆಳಗಿಳಿಯಿತು. ಅಲ್ಲೇ ಬಾವಿಕಟ್ಟೆಯ ಮೇಲೆ ಕುಸಿದು ಕೂತು, ಅದು ಯಾರ ಗಿಡ, ಯಾವ ಬೀಜ ಎಂದು ಅವನಿಗೆ ಹೇಳಿದರು. ಅವನು ಮಡಕೆ ಬಿಚ್ಚಿ, ಅದರಲ್ಲಿದ್ದುದನ್ನು ಬುಡಕ್ಕೇ ಸುರಿದ. ಮಣ್ಣಿಗೆ ಸಗಣಿ ಕಲಸಿ ಕಡಿದ ಜಾಗಕ್ಕೆ ಮೆತ್ತಿದ. ಎಳೇ ಮರ, ಏಟು ಸುಳಿಗೇ ಬಿದ್ದಿದೆ, ಉಳಿಯುವುದು ಕಷ್ಟ ಅಂತ ಮುಖ ತಗ್ಗಿಸಿ ಹೇಳಿದ. ಅವನನ್ನು ಏನೆಂದು ಬೈಯುವುದು? ನನಗೆ ಉರಿದದ್ದು ಊರಿನ ಮೇಲೆ. ಇಂದಿಗೂ ಉರಿಯುತ್ತದೆ. ತಮಾಷೆಗೆ ಅಂದದ್ದು ಅನ್ನುತ್ತಾರೆ ಎಲ್ಲರೂ.

ಹೊಂಬಾಳೆ ಒಡೆಯುವುದನ್ನು ನೋಡಬೇಕೆಂದು ಬೂಬಮ್ಮ ಬೇಗನೇ ಬಂದರು. ಮೊಮ್ಮಗ ಹುಟ್ಟಿದ ಸುದ್ದಿಯನ್ನು ಬೀದಿಯಿಂದಲೇ ಹೇಳುತ್ತ ಬಂದವರು ಹಿತ್ತಲಲ್ಲಿ ನಿಂತುಬಿಟ್ಟರು. ಅಳಲಿಲ್ಲ. ಸಾಬರು ಮಾತ್ರ ಗೋಡೆಗೆ ಹಣೆ ಆನಿಸಿ ನಿಂತರು. ಹೊಂಬಾಳೆಯನ್ನು ನಾನು ಒದ್ದೆ ಬಟ್ಟೆಯಲ್ಲಿ ಸುತ್ತಿ ನೆರಳಿನಲ್ಲಿ ಇಟ್ಟಿದ್ದೆ. ತಂದು ಅವರ ಕೈಗೆ ಕೊಟ್ಟೆ. ಕಲ್ಲಿನ ಮೇಲೆ ಕೂತು, ಮಡಿಲಲ್ಲಿಟ್ಟುಕೊಂಡು, ಉಗುರಿನಿಂದ ನಿಧಾನವಾಗಿ ಬಿಡಿಸಿದರು. ಒಳಗೆ ಅಕ್ಕಿನುಚ್ಚಿನ ಹಾಗೆ ಒತ್ತೊತ್ತಾಗಿ ಬಿಳಿಯ ಹೂವು. ಮುಟ್ಟಿದರೆ ಬೆರಳಿಗೆಲ್ಲ ಹಿಟ್ಟು ಮೆತ್ತಿಕೊಂಡಿತು.

ಎಷ್ಟೋ ಹೊತ್ತು ಬೆರಳನ್ನೇ ನೋಡುತ್ತಿದ್ದರು. ಮಗ ಸತ್ತ ಮೇಲೆ ಅಂಥ ಮುಖವನ್ನು ನಾನು ನೋಡಿರಲಿಲ್ಲ. ನಗು ಅನ್ನಲಾರೆ…

"ಗಂಡು ಕಣಮ್ಮ" ಅಂದರು. "ಎಣ್ಣಾಗ್ಲಿ ಎಣ್ಣಾಗ್ಲಿ ಅಂತ ನಾನು ಬೇಡ್ಕತಾ ಇದ್ದೆ. ಅವ್ನು ಅವ್ನಾಗೇ ಬಂದಿದ್ದ."

ನಡುವಿನ ಗರಿ ಕಂದಿತು, ಒಂದು ದಿನ ಎಳೆದರೆ ಕೈಗೇ ಬಂತು. ಮಳೆಗಾಲ ಮುಗಿಯುವ ಹೊತ್ತಿಗೆ ಬರೀ ಬೊಡ್ಡೆ ನಿಂತಿತ್ತು. ಕಾಲುದಾರಿಯವರು ಮಾತಾಡುವುದನ್ನು ನಿಲ್ಲಿಸಿದರು, ಅಥವಾ ಬೇರೆ ಏನೋ ಸಿಕ್ಕಿತೇನೋ. ನಮಗೆ ಮಂಡ್ಯಕ್ಕೆ ವರ್ಗವಾಯಿತು. ಸಾಬರು ಹೋದ ಮೇಲೆ ಬೂಬಮ್ಮ ಮಗಳ ಮನೆಗೆ ಹೋದರು, ಅಲ್ಲೇ ತೀರಿಕೊಂಡರು ಅಂತ ಆಮೇಲೆ ಯಾವಾಗಲೋ ಕೇಳಿದೆ. ಆ ಹೊತ್ತಿಗೆ ಮಣ್ಣಾಗಿ ವರ್ಷವೇ ಕಳೆದಿತ್ತು.

ಮೊನ್ನೆ ಒಂದು ಮದುವೆಗೆಂದು ಮಳವಳ್ಳಿಗೆ ಹೋಗಿದ್ದೆ. ಊಟ ಮುಗಿಸಿಕೊಂಡು ಪೇಟೆಬೀದಿಯಲ್ಲಿ ಕೇಳುತ್ತ ಕೇಳುತ್ತ ಆ ಪಾತ್ರೆ ಅಂಗಡಿ ಹುಡುಕಿದೆ. ಗಲ್ಲಾದ ಮೇಲೆ ಕೂತಿದ್ದವನು ಆಗ ಹುಟ್ಟಿದ ಆ ಮೊಮ್ಮಗ, ಅವನ ಗಡ್ಡವೂ ಈಗ ನೆರೆತಿದೆ. ಅವನ ತಾಯಿಯೂ ಇಲ್ಲವಂತೆ. ನಿಮ್ಮಜ್ಜಿಯ ಪಕ್ಕದ ಮನೆಯಲ್ಲಿದ್ದ ಟೀಚರು ನಾನು ಅಂದೆ. ಎದ್ದು ನಿಂತು ಸ್ಟೂಲು ಹಾಕಿದ, ಟೀ ತರಿಸಿದ. ಮಾತು ಆಡುತ್ತ ಆಡುತ್ತ ನಿಮ್ಮ ಸೋದರಮಾವ ಅಂದೆ.

"ನಂಗೆ ಸೋದರ್ಮಾವ ಎಲ್ಲವ್ರೆ ಟೀಚರಮ್ಮ? ನಮ್ಮಮ್ಮ ಒಬ್ರೇ ಮಗಳು. ಅಜ್ಜೀನೇ ಏಳ್ತಿದ್ರಲ್ಲ, ನಂಗೆ ಒಬ್ಳೇ ಅಂತ."

ಟೀ ಲೋಟ ಕೆಳಗಿಟ್ಟೆ. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದು ಬೂಬಮ್ಮ ಆ ಮಗುವಿನ ಹೆಸರನ್ನೇ ಎತ್ತಿರಲಿಲ್ಲ. ಎತ್ತಿದರೆ ಅವನ ಸಾವಿನಿಂದಲೇ ಶುರು ಮಾಡಬೇಕಲ್ಲ, ಅದು ನನಗೆ ಅರ್ಥವಾಯಿತು. ಅವರು ಮುಚ್ಚಿಟ್ಟು ಹೋದದ್ದನ್ನು ನಾನು ತೆಗೆಯಬಹುದೋ ಬಾರದೋ ತಿಳಿಯಲಿಲ್ಲ. ಆದರೆ ಆ ಹುಡುಗ ಇರಲೇ ಇಲ್ಲ ಅಂದುಕೊಂಡು ಅಲ್ಲಿಂದ ಎದ್ದು ಬರುವುದು ನನ್ನಿಂದಾಗಲಿಲ್ಲ.

"ಇದ್ದ ಕಣಪ್ಪ" ಅಂದೆ. "ಎರಡನೇ ಕ್ಲಾಸಲ್ಲಿ ಇದ್ದ."